ಮಾವನ ಅಂಗಡಿಯ ಬೆಂಚು

ನನ್ನ ಮಾವನ ಎದುರು ಯಾರಾದರೂ 'ನಾನು ಪ್ರಗತಿಪರ' ಎಂದರೆ ಮುಗಿಯಿತು. ಕ್ಷೌರದ ಕತ್ತಿಯನ್ನು ಕೆಳಗಿಟ್ಟು, ಕನ್ನಡಿಯೊಳಗಿಂದಲೇ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಯಾವ ದೇಶದ್ದು ಸ್ವಾಮಿ?" ಎಂದು ಕೇಳುತ್ತಾರೆ. ಕೇಳಿಸಿಕೊಂಡವನು ತಬ್ಬಿಬ್ಬು. ಬೀದಿಯವರು ಅವರಿಗೆ 'ಯಾವ ದೇಶ' ಎಂದೇ ಅಡ್ಡಹೆಸರಿಟ್ಟಿದ್ದಾರೆ. ಅಳಿಯನಾದ ನನಗೆ ಇದೊಂದು ತಲೆನೋವು. ಯಾಕೆಂದರೆ ಅವರ ಒಬ್ಬಳೇ ಮಗಳು, ಅಂದರೆ ನನ್ನ ಹೆಂಡತಿ, ಈ ಸಲ ಪ್ರಗತಿಪರರ ಪಕ್ಷದಿಂದಲೇ ವಾರ್ಡಿನ ಚುನಾವಣೆಗೆ ನಿಂತಿದ್ದಳು. ಬೀದಿಯ ಗಂಡಸರಲ್ಲಿ ಅರ್ಧಕ್ಕರ್ಧ ಮಾವನ ಕುರ್ಚಿಯಲ್ಲಿ ಕತ್ತು ಒಡ್ಡಿ ಕೂರುವವರು. 'ಮಗಳಿಗೆ ಹಾಕ್ರಪ್ಪಾ' ಎಂದು ಅವರು ಒಂದು ಮಾತು ಅಂದರೆ ಗೆಲುವು ಗ್ಯಾರಂಟಿ, ಅನ್ನದಿದ್ದರೆ ಸೋಲೂ ಗ್ಯಾರಂಟಿ. ಆ ಒಂದು ಮಾತು ಅವರ ಬಾಯಿಂದ ಹೊರಡಲೊಲ್ಲದು!

ಮಾವ ಹರೆಯದಲ್ಲಿ ಹಡಗಿನ ಕ್ಷೌರಿಕರಾಗಿದ್ದರು. ಹಡಗು ನಿಂತಲ್ಲೆಲ್ಲ ಇಳಿದು, ಕಂಡವರ ಗಡ್ಡ ಕೆರೆದು, ಕಂಡವರ ಮಾತು ಕೇಳಿ ಬಂದವರು. ಒಂದು ದೇಶದಲ್ಲಿ ಪ್ರಗತಿಪರರೆಂದರೆ ಎಂಟು ಗಂಟೆ ದುಡಿದರೆ ಸಾಕು ಎನ್ನುವವರು; ಬಂದರಿನ ಕೂಲಿಗಳು ಅವರ ಚಿತ್ರವನ್ನು ಗೋಡೆಗೆ ಅಂಟಿಸಿಕೊಂಡಿದ್ದರು. ಇನ್ನೊಂದು ದೇಶದಲ್ಲಿ ಅದೇ ಹೆಸರು ಹೇಳಿಕೊಂಡವರು ಕೂಲಿಗಳ ಸಂಘವನ್ನೇ ಮುಚ್ಚಿಸಿದ್ದರು. ಸಂಘ ಅನ್ನೋದೆಲ್ಲ ಹಳೇ ಕಾಲದ್ದಂತೆ! ಮತ್ತೊಂದು ದೇಶದಲ್ಲಿ ಆ ಮಾತನ್ನು ಪಿಸುಗುಡಬೇಕಿತ್ತು. ಪಿಸುಗುಟ್ಟಿದವನೊಬ್ಬ, ಪೊಲೀಸರು ಬಂದರೆಂದು ಅರ್ಧ ಶೇವ್ ಆದ ಮುಖದಲ್ಲೇ ಹಿಂಬಾಗಿಲಿಂದ ಓಡಿದ್ದನಂತೆ. "ಅರ್ಧ ಮೀಸೆ ನನ್ ಹತ್ರಾನೇ ಬಿಟ್ಟೋದ" ಎಂದು ಮಾವ ಈಗಲೂ ನಗುತ್ತಾರೆ.

ನಾಲ್ಕನೆಯ ದೇಶದ ವಿಷಯ ಬಂದಾಗ ಮಾತ್ರ ನಗುವುದಿಲ್ಲ. ಅಲ್ಲಿ ಪ್ರಗತಿಪರರದೇ ಸರ್ಕಾರ. ಶಾಲೆ ಕಟ್ಟಿದರು, ಆಸ್ಪತ್ರೆ ಕಟ್ಟಿದರು, ಹೆಂಗಸರಿಗೆ ಕೆಲಸ ಕೊಟ್ಟರು. ಜೊತೆಗೆ, ಗಡ್ಡ ಹಿಂದುಳಿದವರ ಲಕ್ಷಣ, ಯಾರೂ ಬಿಡಕೂಡದು ಎಂದು ಆಜ್ಞೆ ಹೊರಡಿಸಿದರು. ಬಂದರಿನಲ್ಲಿ ಸಿಕ್ಕಿದ ಕ್ಷೌರಿಕರನ್ನೆಲ್ಲ ಮಾರುಕಟ್ಟೆಗೆ ಎಳೆದೊಯ್ದು ಕೂರಿಸಿದರು. ಒಬ್ಬ ಮುದುಕನನ್ನು ಇಬ್ಬರು ಅದುಮಿ ಹಿಡಿದರು, ಮಾವ ಅವನ ಗಡ್ಡಕ್ಕೆ ಕತ್ತಿ ಇಟ್ಟರು. ಮುದುಕ ಮಗುವಿನ ಹಾಗೆ ಬಿಕ್ಕಿಬಿಕ್ಕಿ ಅತ್ತ. ಪಕ್ಕದಲ್ಲಿದ್ದ ಅಧಿಕಾರಿ ಬಹಳ ಮೃದುವಾಗಿ, "ನಿಮ್ಮ ಒಳ್ಳೇದಕ್ಕೇ ಅಲ್ವಾ ಅಜ್ಜ?" ಎಂದನಂತೆ.

ಅಂದಿನಿಂದ ಮಾವನದೊಂದು ಕ್ರಮ. ಗಿರಾಕಿಯ ಕೆನ್ನೆಗೆ ನೊರೆ ಹಚ್ಚಿ, ಕತ್ತಿ ಹಿಡಿದು, "ಇಡ್ಲಾ?" ಎಂದು ಕೇಳುತ್ತಾರೆ. ಗಿರಾಕಿ "ಹ್ಞೂಂ" ಅನ್ನಬೇಕು. ಎಷ್ಟೇ ಹಳೆಯ ಗಿರಾಕಿಯಾದರೂ ಅನ್ನಬೇಕು. ನೊರೆ ಒಣಗಿದರೂ ಸರಿ, ಕಾಯುತ್ತಾರೆ. ನನಗಂತೂ ರೇಗಿಹೋಗುತ್ತದೆ. ಶೇವ್ ಮಾಡಿಸಿಕೊಳ್ಳುವುದಕ್ಕೇ ತಾನೇ ಅಂಗಡಿಗೆ ಬಂದಿರುವುದು!

"ನಿಮ್ಮ ಪಕ್ಷದೋರು ಯಾವ ದೇಶದೋರಮ್ಮಾ?" ಎಂದು ಮಗಳನ್ನೂ ಅವರು ಬಿಡಲಿಲ್ಲ.

"ಈ ಬೀದಿಯೋರು ಅಪ್ಪ. ಮಕ್ಕಳಿಗೆ, ಗಾಲಿಕುರ್ಚೀಲಿ ಓಡಾಡೋರಿಗೆ ಫುಟ್‌ಪಾತ್ ಬೇಕು ಅಂತಿದೀವಿ. ಇದ್ರಲ್ಲೇನು ಹುಳುಕು ಹುಡುಕ್ತೀರಾ?"

"ನೋಡೋಣ" ಎಂದರು ಮಾವ. ಅವರು 'ನೋಡೋಣ' ಎಂದರೆ ಸುತರಾಂ ನಂಬಿಲ್ಲ ಎಂದೇ ಅರ್ಥ.

ಅದೇ ಫುಟ್‌ಪಾತಿನ ಮೇಲೆ, ಅಂಗಡಿಯ ಮುಂದೆ, ಅವರ ಮರದ ಬೆಂಚಿತ್ತು. ಸರದಿ ಕಾಯುವವರು, ಕೆಲಸವಿಲ್ಲದವರು, ಮನೆಯಲ್ಲಿ ಬೈಸಿಕೊಂಡು ಬಂದವರು ಎಲ್ಲರೂ ಕೂರುವ ಜಾಗ. ಒಂದು ಬೆಳಿಗ್ಗೆ ಮಾವ ಷಟರ್ ಎತ್ತಲು ಹೋದರೆ ಬೆಂಚೇ ಇಲ್ಲ. ಪ್ರಚಾರದ ಫೋಟೊಗೆಂದು ಪಕ್ಷದವರು ಇಡೀ ಫುಟ್‌ಪಾತ್ ಖಾಲಿ ಮಾಡಿದ್ದರು. ಮಾಡಿಸಿದವಳು ನನ್ನ ಹೆಂಡತಿ. ಅಪ್ಪನ ಬೆಂಚು ತಾನೇ, ಅವರೇನು ಅಂದಾರು ಎಂದುಕೊಂಡಳಂತೆ.

ಮಾವ ಕೂಗಾಡಲಿಲ್ಲ, ಕೂಗಾಡಿದ್ದರೆ ವಾಸಿಯಿತ್ತು. ಅವಳು ಬಂದಾಗ ಒಂದೇ ಮಾತು ಕೇಳಿದರು: "ನನ್ನ ಕೇಳಿದ್ಯಾ?"

"ಎಲ್ರ ಒಳ್ಳೇದಕ್ಕೇ ಅಲ್ವಾ ಅಪ್ಪ?"

ಮಾವನ ಮುಖ ಬಿಳಿಚಿಕೊಂಡಿತು. ಆ ಮುದುಕನ ಕಥೆಯನ್ನು ಚಿಕ್ಕಂದಿನಿಂದ ಕೇಳಿ ಬೆಳೆದವಳು ಅವಳು. ಮಾತು ಬಾಯಿಂದ ಬಿದ್ದ ಮೇಲೆ ತಿಳಿಯಿತು, ನಾಲಿಗೆ ಕಚ್ಚಿಕೊಂಡಳು.

ಸಂಜೆ ಅವಳೇ ಬೆಂಚನ್ನು ಹೊತ್ತು ತಂದಳು, ಇನ್ನೊಂದು ತುದಿ ನನ್ನ ಕೈಲಿ. ಪಕ್ಷದ ಕಾರ್ಯದರ್ಶಿ ಬೆನ್ನಿಗೇ ಬಂದ. "ಮೇಡಂ, ಫೋಟೊ ಆಗ್ಲೇ ಎಲ್ಲಾ ಕಡೆ ಹೋಗಿದೆ. ಒಬ್ಬರಿಗೋಸ್ಕರ..." ಅವಳು ಅವನತ್ತ ತಿರುಗಲೂ ಇಲ್ಲ. ಬೆಂಚನ್ನು ಅದರ ಜಾಗದಲ್ಲೇ ಇಟ್ಟು, "ಅಪ್ಪ, ಗೋಡೆ ಕಡೆ ಸರಿಸ್ಲಾ? ಒಂದು ಗಾಲಿಕುರ್ಚಿ ಹೋಗೋವಷ್ಟು?" ಎಂದು ಕೇಳಿ ನಿಂತಳು.

ಮಾವ ಬೇಕೆಂದೇ ತಡಮಾಡಿದರು. ಕುರ್ಚಿಯಲ್ಲಿದ್ದವನ ಶೇವ್ ಮುಗಿಸಿದರು, ಕತ್ತಿ ತೊಳೆದರು, ಟವೆಲ್ ಕೊಡವಿದರು. ಕಾರ್ಯದರ್ಶಿ ಗಡಿಯಾರ ನೋಡಿಕೊಳ್ಳುತ್ತಿದ್ದ. ಅವಳು ಕಾದಳು.

"ಹ್ಞೂಂ" ಎಂದರು ಮಾವ, ಕೊನೆಗೂ.

ಮರುದಿನದಿಂದ ಕತ್ತು ಒಡ್ಡಿದವರಿಗೆಲ್ಲ, "ನನ್ ಮಗಳು ಕೇಳ್ತಾಳೆ ಕಣ್ರೀ. ಸದ್ಯಕ್ಕಂತೂ ಕೇಳ್ತಾಳೆ" ಎಂದರು. ಅಷ್ಟೇ ಸಾಕಾಯಿತು, ಅವಳು ಗೆದ್ದಳು.

ಗೆದ್ದ ಖುಷಿಯಲ್ಲಿ ಅವಳು ಅಂಗಡಿಗೆ ಓಡಿ ಬಂದರೆ ಬೆಂಚಿನ ಕಾಲಿಗೆ ಹೊಚ್ಚಹೊಸ ಸರಪಳಿ. ಇನ್ನೊಂದು ತುದಿ ಷಟರಿನ ಕೊಂಡಿಗೆ, ಮೇಲೊಂದು ಬೀಗ. ಅವಳ ಕಣ್ಣು ತುಂಬಿಬಂತು.

"ನನಗೂ ಬೀಗಾನಾ ಅಪ್ಪ?"

"ನಿನಗಲ್ಲಮ್ಮ" ಎಂದರು ಮಾವ. "ನಾಳೆಯಿಂದ ನೀನು ಕೂರ್ತೀಯಲ್ಲ, ಆ ಕುರ್ಚಿಗೆ."

ಅವಳು ಬೆಂಚಿನ ಮೇಲೆ ಕೂತು ಕಣ್ಣೊರೆಸಿಕೊಂಡಳು. ಎದ್ದು ಹೊರಟಾಗ ಸರಪಳಿಯನ್ನೊಮ್ಮೆ ಜಗ್ಗಿ, ಬೀಗ ಗಟ್ಟಿಯಾಗಿದೆಯೇ ಎಂದು ನೋಡಿ ಹೋದಳು.