ನೊರೀನಳ ಗುರುವಾರದ ಪರೀಕ್ಷೆ

ಹಾರ್ಶಮ್ ಊರಿನ ಪಂಪು ಕಾರ್ಖಾನೆಗೆ ನೊರೀನ್ ಪಾಸ್ಕೋ ಸೇರಿದಾಗ ಅವಳು ಮುಂದೆ ಮಾಡಲಿದ್ದ ಕೆಲಸಕ್ಕೆ ಹೆಸರೇ ಇರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವಳು ಬರೀ ಟೈಪಿಸ್ಟ್. ಇಂಜಿನಿಯರುಗಳು ಗೀಚಿದ್ದನ್ನು ಅಚ್ಚುಕಟ್ಟಾಗಿ ಟೈಪ್ ಮಾಡಿಕೊಟ್ಟರೆ ಮುಗಿಯಿತು. ಆದರೆ ಅವಳ ಬಾಯಿ ಸುಮ್ಮನಿರಬೇಕಲ್ಲ. “ಇದರರ್ಥ ಏನು?” ಎಂದು ಕೇಳುವಳು. ಅವರು ಬಿಡಿಸಿ ಹೇಳುವರು. “ಮತ್ತೆ ಹಾಗೇ ಬರೀಬಾರ್ದಿತ್ತಾ?” ಎನ್ನುವಳು. ಆರು ತಿಂಗಳಲ್ಲಿ ಇಂಜಿನಿಯರುಗಳು ಬರೆಯುವುದನ್ನೇ ಬಿಟ್ಟು, ಅವಳ ಮೇಜಿನೆದುರು ಕೂತು ಬಾಯಲ್ಲೇ ಹೇಳತೊಡಗಿದರು.

ಹೆಸರುಗಳು ಆಮೇಲೆ ಬಂದವು. ಮೊದಲು ಕೈಪಿಡಿ ಗುಮಾಸ್ತೆ, ಹತ್ತು ವರ್ಷದ ಮೇಲೆ ತಾಂತ್ರಿಕ ಬರಹಗಾರ್ತಿ, ಈಗ ಬಾಗಿಲ ಫಲಕದಲ್ಲಿ ಹಿಡಿಸದಷ್ಟು ಉದ್ದದ ಇನ್ನೊಂದೇನೋ. ಚಿತ್ರಗಳನ್ನು ಕತ್ತರಿಸಿ ಗೋಂದು ಹಚ್ಚಿ ಅಂಟಿಸುತ್ತಿದ್ದ ಕಾಲ ಹೋಗಿ ಕಂಪ್ಯೂಟರ್ ಬಂತು. ದಪ್ಪ ಪುಸ್ತಕ ತೆಳುವಾಗಿ ಸಿ.ಡಿ.ಯೊಳಗೆ ಸೇರಿತು, ಸಿ.ಡಿ. ಹೋಗಿ ಫೋನಿನೊಳಗೆ ಹೊಕ್ಕಿತು. ಆದರೂ ಬೆಂಕಿ ಆರಿಸುವ ಪಂಪಿಗೆ ಮಾತ್ರ ಶುರು ಮಾಡುವ ಕ್ರಮದ ಒಂದು ಹಾಳೆ ಅಂಟಿಸಲೇಬೇಕೆಂದು ನೊರೀನ್ ಹಟ ಹಿಡಿದಿದ್ದಳು. ಹುಲ್ಲುಗಾವಲು ಉರಿಯುವಾಗ ಫೋನು ಹುಡುಕುವವರು ಯಾರು?

ಅವಳ ಇನ್ನೊಂದು ಹಟವೆಂದರೆ ಗುರುವಾರದ ಪರೀಕ್ಷೆ. ಅದು ಶುರುವಾದದ್ದು ರೂಪನ್ಯಪ್ ಊರಿನ ಕಡೆಯ ಒಬ್ಬ ರೈತನ ಫೋನಿನಿಂದ. “‘ಎಂದಿನಂತೆ ಶುರು ಮಾಡಿ’ ಅಂತ ಬರ್ದಿದೀಯಲ್ಲಮ್ಮಾ, ಯಾರ ಎಂದಿನಂತೆ? ನಾನು ಪಂಪು ತಗೊಂಡಿದ್ದೇ ನಿನ್ನೆ,” ಎಂದಿದ್ದ ಆತ. ನೊರೀನಳಿಗೆ ಕಪಾಳಕ್ಕೆ ಹೊಡೆದಂತಾಗಿತ್ತು. ಅಂದಿನಿಂದ ಹೊಸ ಮಾದರಿಯ ಪಂಪು ಮಾರಾಟಕ್ಕೆ ಹೊರಡುವ ಮುಂಚೆ, ಪಂಪನ್ನೇ ಮುಟ್ಟದ ಒಬ್ಬರನ್ನು ಗುರುವಾರ ಬೆಳಿಗ್ಗೆ ಕರೆಸಿ, ಕೈಗೆ ಹಾಳೆ ಕೊಡುವುದು. ಪಂಪು ಮಾಡಿದವರೂ ಹಾಳೆ ಬರೆದವಳೂ ಬೆಂಚಿನ ಮೇಲೆ, ಎರಡೂ ಕೈ ತೊಡೆಯಡಿ ಇಟ್ಟುಕೊಂಡು ಕೂರಬೇಕು. ತುಟಿ ಪಿಟಕ್ಕೆನ್ನುವಂತಿಲ್ಲ, ಬೆರಳು ತೋರಿಸುವಂತಿಲ್ಲ.

ಈ ಡಿಸೆಂಬರಿಗೆ ಅವಳ ನಿವೃತ್ತಿ. ಹೊಸ ಮ್ಯಾನೇಜರ್ ಬ್ರೆಂಟ್ ಲಿಡ್ಯಾರ್ಡ್ ಕೆಟ್ಟವನೇನಲ್ಲ, ಆದರೆ ಗಡಿಯಾರದ ಮನುಷ್ಯ. “ಹನ್ನೊಂದು ಸಲದಿಂದ ಎಲ್ಲ ಪಾಸೇ ಆಗ್ತಿದೆ, ನೊರೀನ್. ಇಷ್ಟು ಜನ ಒಂದು ಬೆಳಗ್ಗೆಯೆಲ್ಲ ಬೆಂಚ್ ಬಿಸಿ ಮಾಡೋದು ಯಾಕೆ? ಈಗ ಬರೋ ಹೊಸ ಪಂಪಿಂದೂ ಪಾಸಾದ್ರೆ ಇದೇ ಕೊನೇದು. ನೀವು ಹೋದ್ಮೇಲೆ ಬೇಡ,” ಎಂದುಬಿಟ್ಟ.

ನೊರೀನಳಿಗೆ ತನ್ನ ಕುರ್ಚಿ ಹೋದರೆ ಹೋಗಲಿ, ಬೆಂಚು ಉಳಿಯಬೇಕಿತ್ತು. ಮೂವತ್ತು ವರ್ಷದಿಂದ ಅವಳ ಜೊತೆ ಜಗಳಾಡುತ್ತಲೇ ಬಂದಿದ್ದ ಇಂಜಿನಿಯರ್ ಕೆಲ್ವಿನ್ ಹಾಬ್ಲಿ ಚಹಾದ ಹೊತ್ತಿಗೆ ಪಕ್ಕಕ್ಕೆ ಬಂದ.

“ಒಂದು ಸಾಲು ಬಿಟ್ಬಿಡೇ. ಫೇಲಾಗತ್ತೆ, ಪರೀಕ್ಷೆ ಉಳಿಯತ್ತೆ.”

“ಬೇಕಂತ ತಪ್ಪು ಬರೀಲಾ? ತಪ್ಪು ತುಂಬಿದ ನಿನ್ನ ಹಳೇ ನಕ್ಷೆ ಅನ್ಕೊಂಡ್ಯಾ ಇದನ್ನ?”

“ಸರಿ ಬಿಡು ತಾಯಿ, ಹೇಳಿದ್ದೇ ತಪ್ಪಾಯ್ತು.”

ಹೊಸ ಪಂಪಿನ ಹಾಳೆಯನ್ನು ನಾಲ್ಕು ದಿನ ಕೂತು ಬರೆದಳು. ಒಂಬತ್ತೇ ಸಾಲು. ಕೆಲ್ವಿನ್ ಓದಿದ, ಕೊಂಕು ತೆಗೆಯಲಾಗದೆ ವಾಪಸು ಕೊಟ್ಟ. ಬ್ರೆಂಟ್ ಓದಿ ಸಹಿ ಹಾಕಿದ.

ಗುರುವಾರ ಬಂದವರು ಥೆಲ್ಮಾ ಜರ್ಬೆ, ಲೂಥರನ್ ಚರ್ಚಿನಲ್ಲಿ ಆರ್ಗನ್ ನುಡಿಸುವ ಹೆಂಗಸು. ಬುಟ್ಟಿ ತುಂಬ ಮನೆಯಲ್ಲಿ ಸುಟ್ಟ ಸ್ಕೋನು ಬನ್ನುಗಳನ್ನು ತಂದಿದ್ದರು. ಹಾಳೆಯನ್ನು ಸ್ವರಗಳ ಹಾಳೆಯಂತೆ ಎದುರಿಗೆ ನಿಲ್ಲಿಸಿಕೊಂಡು ಕನ್ನಡಕ ಏರಿಸಿದರು. ಅವರೆದುರಿನ ಬೆಂಚಿನಲ್ಲಿ ನೊರೀನ್, ಕೆಲ್ವಿನ್, ತುದಿಗೆ ಬಿಳಿ ಅಂಗಿಯ ಬ್ರೆಂಟ್. ಮಧ್ಯಾಹ್ನ ಅವನಿಗೆ ವ್ಯಾಪಾರಿಗಳ ಜೊತೆ ಊಟವಿತ್ತು, ಕೈಗಳು ತೊಡೆಯಡಿ ಇರದೆ ಫೋನಿನ ಮೇಲಿದ್ದವು.

ಥೆಲ್ಮಾ ಕೊಳವೆಯನ್ನು ತೊಟ್ಟಿಗಿಳಿಸಿದರು. ಸರಿ. ಮೇಲಿನ ಮುಚ್ಚಳ ತಿರುಗಿಸಿ ತೆಗೆದರು. ಅದೂ ಸರಿ. ಪಂಪಿನ ಹೊಟ್ಟೆ ತುಂಬುವವರೆಗೆ ನೀರು ಹೊಯ್ದರು. ಒಂದೊಂದು ಸಾಲು ದಾಟಿದಾಗಲೂ ನೊರೀನಳಿಗೆ ಹೆಮ್ಮೆ, ಅದರ ಬೆನ್ನಿಗೇ ಸಂಕಟ. ಹೀಗೇ ಹೋದರೆ ಪರೀಕ್ಷೆಯ ಕಥೆ ಇವತ್ತಿಗೆ ಮುಗಿಯಿತು. ಥೆಲ್ಮಾ ಪೆಟ್ರೋಲಿನ ನಲ್ಲಿ ತೆರೆದು, ಎಂಜಿನ್ ಶುರು ಮಾಡುವ ಹಗ್ಗ ಹಿಡಿದು, ಒಂದೇ ಏಟಿಗೆ ಎಳೆದರು.

ಪಂಪು ಗುಡುಗಿತು. ಮೇಲಿನ ತೂತಿನಿಂದ ನೀರು ಚಿಮ್ಮಿ, ನೇರ ಹೋಗಿ ಬ್ರೆಂಟನ ಬಿಳಿ ಅಂಗಿಯ ಮೇಲೆ ಸುರಿಯಿತು. ಕೆಲ್ವಿನ್ ಎದ್ದೇಬಿಡುತ್ತಿದ್ದ, ನೊರೀನ್ ಮೊಣಕೈಯಲ್ಲಿ ತಿವಿದು ಕೂರಿಸಿದಳು. ಥೆಲ್ಮಾ ಗಾಬರಿಯಾಗದೆ ಹಾಳೆಯ ಕೊನೆಯ ಸಾಲು ಹುಡುಕಿ, ಅದರಂತೆ ಕೆಂಪು ಗುಂಡಿ ಒತ್ತಿ ನಿಲ್ಲಿಸಿದರು.

“ಮುಚ್ಚಳ ಎಲ್ಲಿ?” ಎಂದ ಬ್ರೆಂಟ್, ಮುಖ ಒರೆಸಿಕೊಳ್ಳುತ್ತ.

ಥೆಲ್ಮಾ ಸ್ವೆಟರಿನ ಜೇಬಿನಿಂದ ತೆಗೆದು ತೋರಿಸಿದರು. “ಇಲ್ಲಿದೆಯಲ್ಲ. ತೆಗೀರಿ ಅಂತ ಇತ್ತು, ತೆಗ್ದೆ. ವಾಪಸ್ ಹಾಕಿ ಅಂತ ಎಲ್ಲೂ ಇಲ್ಲ. ನಾನು ಹಾಳೇಲಿ ಇದ್ದಿದ್ದಷ್ಟೇ ನುಡಿಸೋಳು.”

ನೊರೀನಳ ಕಿವಿ ಬಿಸಿಯಾಯಿತು. ಸಾವಿರ ಸಲ ಪಂಪಿಗೆ ನೀರು ತುಂಬಿದ ಕೈ ಅವಳದು, ಮುಚ್ಚಳವನ್ನು ತಾನಾಗಿಯೇ ವಾಪಸು ಹಾಕಿಬಿಡುತ್ತಿತ್ತು. ಕೈಗೆ ಗೊತ್ತಿದ್ದದ್ದು ಕಾಗದಕ್ಕೆ ಇಳಿದಿರಲಿಲ್ಲ. ಕೆಲ್ವಿನನಿಗೂ ಹಾಗೇ ಆಗಿತ್ತು.

“ಬೇಕಂತಾನೇ ಬಿಟ್ಯಾ?” ಕೆಲ್ವಿನ್ ಪಿಸುಗುಟ್ಟಿದ.

“ಇಲ್ಲ ಮಾರಾಯ. ಅದೇ ನಾಚಿಕೆ.” ಹಾಗೆಂದವಳಿಗೆ ನಗು ಒತ್ತರಿಸಿ ಬಂತು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷದಲ್ಲಿ ತಪ್ಪಿಗಾಗಿ ಅವಳು ಇಷ್ಟು ಸಂತೋಷಪಟ್ಟಿದ್ದು ಇದೇ ಮೊದಲು.

ಬ್ರೆಂಟ್ ಹಾಳೆ ಎತ್ತಿಕೊಂಡು ತನ್ನದೇ ಸಹಿಯನ್ನು ಸ್ವಲ್ಪ ಹೊತ್ತು ನೋಡಿದ. “ನಾನೂ ಓದಿದ್ದೆ,” ಎಂದ. ಕೆಲ್ವಿನನ ಕಿವಿಯ ಮೇಲಿದ್ದ ಪೆನ್ಸಿಲ್ ಕಿತ್ತುಕೊಂಡು, ನೀರು ತುಂಬುವ ಸಾಲಿನ ಕೆಳಗೆ ‘ಮುಚ್ಚಳ ಹಾಕಿ ಬಿಗಿ ಮಾಡಿ’ ಎಂದು ಬರೆದ. “ಮಾರ್ಚ್‌ನಲ್ಲಿ ಸಣ್ಣ ಪಂಪು ಬರತ್ತೆ, ನೊರೀನ್. ಅದಕ್ಕೆ ಯಾರನ್ನ ಕರೀಬೇಕು ಅಂತ ಹೋಗೋಕೆ ಮುಂಚೆ ಹೇಳ್ಬಿಡಿ.”

ಆಮೇಲೆ ಒದ್ದೆ ಅಂಗಿಯಲ್ಲೇ ಬೆಂಚಿಗೆ ಬಂದು ಕೂತ. ಫೋನನ್ನು ಜೇಬಿಗಿಳಿಸಿ, ಯಾರೂ ಹೇಳದೆಯೇ ಎರಡೂ ಕೈಗಳನ್ನು ತೊಡೆಯಡಿ ಸೇರಿಸಿದ.

“ಮೊದಲಿಂದ ಮಾಡಿ, ಥೆಲ್ಮಾ,” ಎಂದಳು ನೊರೀನ್.