ಮಾತು ಕೇಳದ ಎಡಗಾಲು

ಆಸ್ಪತ್ರೆಯ ಲಾಂಡ್ರಿಯಲ್ಲಿ ಅವಳ ನಿಜವಾದ ಹೆಸರು ಹಾಜರಿ ಹಾಕುವವನಿಗೆ ಬಿಟ್ಟರೆ ಇನ್ಯಾರಿಗೂ ನೆನಪಿರಲಿಲ್ಲ. ಎಲ್ಲರಿಗೂ ಅವಳು ರೈಲಮ್ಮ. ಹೆಸರಿಟ್ಟವನು ಅವಳ ಅಣ್ಣ. ಟೈರ್ ಅಂಗಡಿ ನಡೆಸುತ್ತಿದ್ದ ಅವನಿಗೆ ಗಿಟಾರಿನ ಹುಚ್ಚು; ತಂಗಿಗೆ ಡ್ರಮ್ಸ್ ಹುಚ್ಚು. ಭಾನುವಾರ ಬೆಳಿಗ್ಗೆ ಅಂಗಡಿಯ ಹಿಂದಿನ ಗೋದಾಮಿನಲ್ಲಿ, ಸೂರಿನವರೆಗೆ ಪೇರಿಸಿದ ಟೈರುಗಳ ನಡುವೆ ಅವರ ತಂಡ ಸೇರುತ್ತಿತ್ತು. ಸದ್ದನ್ನೆಲ್ಲ ಟೈರುಗಳೇ ನುಂಗಿಕೊಳ್ಳುತ್ತಿದ್ದುದರಿಂದ ಅಕ್ಕಪಕ್ಕದವರ ತಕರಾರಿರಲಿಲ್ಲ. ಹಾಡುವವನು ಎಲೆಕ್ಟ್ರಿಷಿಯನ್. ಅವನದು ಹಾಡೋ ಕರೆಂಟು ಹೊಡೆಸಿಕೊಂಡವನ ಕೂಗೋ ಎಂದು ರೈಲಮ್ಮನ ಗಂಡ ಕೇಳುವುದಿತ್ತು.

ಅಂಥ ಅಬ್ಬರದ ಹಾಡುಗಳು ಅವರವು. ಅವಕ್ಕೆ ನೆಲದ ಮೇಲಿನ ದೊಡ್ಡ ಡ್ರಮ್ಮನ್ನು ಎರಡೂ ಪಾದಗಳಿಂದ ಬಾರಿಸಬೇಕು. ಬಲಗಾಲಿಗೊಂದು ಪೆಡಲ್, ಎಡಗಾಲಿಗೊಂದು ಪೆಡಲ್. ಬಲ, ಎಡ, ಬಲ, ಎಡ ಎಂದು ಏಟುಗಳು ಸಮವಾಗಿ ಬಿದ್ದರೆ ಹಳಿಯ ಮೇಲೆ ರೈಲು ಓಡಿದ ಹಾಗೆ ಕೇಳುತ್ತದೆ. ಅದಕ್ಕೇ ಆ ಹೆಸರು.

ರೈಲು ಕುಂಟುತ್ತಿದೆ ಎಂಬುದು ಮಾತ್ರ ಅವಳೊಬ್ಬಳಿಗೇ ಗೊತ್ತಿತ್ತು. ಲಾಂಡ್ರಿಯಲ್ಲಿ ಅವಳದು ಇಸ್ತ್ರಿ ಯಂತ್ರದ ಕೆಲಸ. ಹಾಸಿಗೆಯ ಬಟ್ಟೆ ಹರಡಿ, ಬಲಗಾಲಿನಿಂದ ಪೆಡಲ್ ತುಳಿದರೆ ಬಿಸಿ ಮುಚ್ಚಳ ಕೆಳಗಿಳಿದು ಹಬೆ ಬುಸುಗುಡುತ್ತಿತ್ತು. ಮದುವೆಗೆ ಮುಂಚಿನಿಂದಲೂ ದಿನವಿಡೀ ಅದೇ ಕೆಲಸ. ದುಡಿದದ್ದೆಲ್ಲ ಬಲಗಾಲು, ಎಡಗಾಲು ಮೈಭಾರ ಹೊತ್ತು ಕಂಬದ ಹಾಗೆ ನಿಂತಿದ್ದಷ್ಟೇ. ಡ್ರಮ್ಮಿನ ಮುಂದೆ ಕೂತಾಗ ಅದರ ಫಲ ಕಾಣುತ್ತಿತ್ತು. ಬಲಗಾಲಿನ ಏಟು ಖಡಕ್ಕಾಗಿ ಬೀಳುತ್ತಿತ್ತು. ಎಡಗಾಲಿನದು ಮೆತ್ತಗೆ, ಕೂದಲೆಳೆಯಷ್ಟು ತಡವಾಗಿ.

"ಯಾರಿಗೆ ಕೇಳ್ಸುತ್ತೆ ಅದು?" ಎಂದ ಅಣ್ಣ, ಅವಳು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡದ್ದನ್ನು ಹಾಕಿ ಕೇಳಿಸಿದಾಗ. "ನನ್ ಗಿಟಾರು, ಇವನ ಕೂಗು, ಇದರ ಮಧ್ಯೆ ನಿನ್ನ ಎಡಗಾಲನ್ನ ಹುಡುಕ್ಕೊಂಡು ಯಾರು ಬರ್ತಾರೆ?"

"ನಂಗೆ ಕೇಳ್ಸುತ್ತಲ್ಲ ಅಣ್ಣ," ಎಂದಳು ಅವಳು.

ಅಲ್ಲಿಂದ ಅವಳು ಎಡಗಾಲಿನ ಹಿಂದೆ ಬಿದ್ದಳು. ಕೆಲಸ ಮುಗಿಸಿ ಬಂದವಳೇ ಚಪ್ಪಲಿ ಕಳಚಿ ಪೆಡಲಿನ ಮುಂದೆ ಕೂರುತ್ತಿದ್ದಳು. ಡ್ರಮ್ಮಿನ ಬದಲು ಹಳೆಯ ದಿಂಬು. ಫೋನು ಟಿಕ್ ಟಿಕ್ ಎಂದು ತಾಳ ಹಾಕಬೇಕು, ಎಡಗಾಲು ಒಂದೇ ಅದರ ಜೊತೆ ಹೆಜ್ಜೆ ಇಡಬೇಕು. ತೊಡೆಯಿಂದ ಒದೆಯದೆ ಪಾದದ ಗಿಣ್ಣಿನಿಂದ ತುಳಿಯುವುದನ್ನು ಕಲಿತಳು. ಹಿಮ್ಮಡಿ ಎತ್ತಿ ತುಳಿದಳು, ಹಿಮ್ಮಡಿ ಊರಿ ತುಳಿದಳು. ಸ್ಟೂಲನ್ನು ಒಂದು ದಿನ ಎತ್ತರಿಸಿ ಮರುದಿನ ತಗ್ಗಿಸಿದಳು. ಯಾವಾಗಲೂ ಬಲಗಾಲು ಶುರುಮಾಡುತ್ತಿದ್ದ ಜಾಗದಲ್ಲಿ ಎಡಗಾಲನ್ನು ಮುಂದೆ ಬಿಟ್ಟಳು. ಬರೆಯಲು ಬಾರದವನ ಕೈಗೆ ಪೆನ್ನು ಕೊಟ್ಟ ಹಾಗಾಯಿತು. ಹಲ್ಲುಜ್ಜುವಾಗ ಎಡಗಾಲ ಮೇಲೆ ನಿಂತಳು. ಲಾಂಡ್ರಿಯಲ್ಲಿ ಇಸ್ತ್ರಿ ಯಂತ್ರವನ್ನೂ ಎಡಗಾಲಿನಿಂದಲೇ ತುಳಿಯಲು ಶುರುಮಾಡಿದಳು.

ಗಂಡ ಲಿಫ್ಟ್ ರಿಪೇರಿಯವನು. ಸಂಜೆ ಬಂದಾಗ ಹೆಂಡತಿ ದಿಂಬನ್ನು ಒದೆಯುತ್ತಿರುವುದನ್ನು ನೋಡಿ ಬಾಗಿಲಲ್ಲೇ ನಿಲ್ಲುತ್ತಿದ್ದ.

"ಆ ದಿಂಬು ನಂದಲ್ಲ ತಾನೇ?"

"ನಿಮ್ದೇ ರೀ. ನಿಮ್ಮನ್ನೇ ನೆನಸ್ಕೊಂಡು ಹೊಡೀತಿದೀನಿ."

"ಎಡಗಾಲು ಅಂದ್ಮೇಲೆ ಎಡವಟ್ಟು ಇದ್ದದ್ದೇ ಬಿಡೆ. ಅದಕ್ಕೂ ವಯಸ್ಸಾಯ್ತು," ಎಂದು ನಗುತ್ತಾ ಅನ್ನದ ಪಾತ್ರೆ ಒಲೆಯ ಮೇಲಿಡುತ್ತಿದ್ದ. ಅಡುಗೆ ಅವನ ಪಾಲಿಗೆ ಬಂದು ಬಹಳ ಕಾಲವಾಗಿತ್ತು. ಅವನೇನೂ ಬೇಜಾರು ಮಾಡಿಕೊಂಡಿರಲಿಲ್ಲ.

ಒಂದು ವರ್ಷ ಹಟ ಹಿಡಿದದ್ದಕ್ಕೆ ಕಾಲು ಒಲಿಯಿತು. ಒಂದು ಭಾನುವಾರ ಎಲೆಕ್ಟ್ರಿಷಿಯನ್ ಎಲ್ಲಿಂದಲೋ ಒಳ್ಳೆಯ ಮೈಕುಗಳನ್ನು ತಂದು ಡ್ರಮ್ಮಿಗೆ ಕಟ್ಟಿದ್ದ. ಹೊಸ ಹಾಡು, ಅವರು ಹಿಂದೆಂದೂ ಮುಟ್ಟದಿದ್ದ ವೇಗ. ಮುಗಿದ ಮೇಲೆ ಧ್ವನಿಮುದ್ರಣ ಹಾಕಿ ಕೇಳಿದರು. ಯಾವ ಏಟು ಎಡಗಾಲಿನದು, ಯಾವುದು ಬಲಗಾಲಿನದು ಎಂದು ರೈಲಮ್ಮನಿಗೇ ಹೇಳಲಾಗಲಿಲ್ಲ. ಅವಳು ಟೈರಿನ ಮೇಲೆ ಕೂತು ಅದೇ ತುಣುಕನ್ನು ಮತ್ತೆ ಮತ್ತೆ ಕೇಳಿದಳು. ಅಣ್ಣ ತಂಗಿಯ ತಲೆಗೆ ಮೆಲ್ಲಗೆ ಮೊಟಕಿ, "ಈಗ ಸಮಾಧಾನ ಆಯ್ತಾ ತಾಯಿ?" ಎಂದ.

ಅವಳ ಸುಖದ ದಿನ ಎಂದರೆ ಅದೇ.

ಆ ಹಾಡು ಯಾರ ಯಾರ ಫೋನುಗಳಲ್ಲೋ ಸುತ್ತಿ, ಊರಿನ ದೊಡ್ಡ ಸಭಾಂಗಣದಲ್ಲಿ ನುಡಿಸಲು ಕರೆ ಬಂತು. ಅಣ್ಣನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ವೇಗ ಇನ್ನೂ ಸ್ವಲ್ಪ ಹೆಚ್ಚಿಸೋಣ ಎಂದ. ರೈಲಮ್ಮನೂ ಹೂಂ ಎಂದು ಅಭ್ಯಾಸ ಹೆಚ್ಚಿಸಿದಳು.

ಎಡವಟ್ಟು ಶುರುವಾದದ್ದು ಆಗ. ವೇಗ ಏರುತ್ತಿದ್ದಂತೆ ಎಡಪಾದದ ಬೆರಳುಗಳು ತಾವಾಗಿಯೇ ಒಳಕ್ಕೆ ಮುದುರಿಕೊಂಡವು. ಗಿಣ್ಣು ಪಕ್ಕಕ್ಕೆ ತಿರುಗಿತು. ನೋವಿಲ್ಲ, ಊತವಿಲ್ಲ. ದಣಿದಿರಬೇಕು ಎಂದುಕೊಂಡು ಬಿಸಿನೀರಿನಲ್ಲಿ ಕಾಲಿಟ್ಟು ಕೂತಳು. ಮರುದಿನವೂ ಹಾಗೇ ಆಯಿತು. ಸೋಮಾರಿತನ ಮಾಡುತ್ತಿದೆ ಎಂದು ಅದರ ಮೇಲೆ ಸಿಟ್ಟಾಗಿ ಇನ್ನೂ ಹೆಚ್ಚು ತುಳಿದಳು. ಮುದುರುವುದು ಮೊದಲು ವೇಗದಲ್ಲಿ ಮಾತ್ರ ಇತ್ತು; ಬರಬರುತ್ತಾ ನಿಧಾನದಲ್ಲೂ ಬಂತು. ಕೊನೆಗೆ ಸ್ಟೂಲಿನ ಮೇಲೆ ಕೂತು ಪೆಡಲಿಗೆ ಪಾದ ತಾಗಿಸಿದರೆ ಸಾಕು, ಮುಟ್ಟಿದ ಬಸವನಹುಳುವಿನಂತೆ ಕಾಲು ಒಳಗೆ ಸೇದಿಕೊಳ್ಳುತ್ತಿತ್ತು.

ವಿಚಿತ್ರವೆಂದರೆ ಬೇರೆಲ್ಲೂ ಆ ಕಾಲಿಗೆ ಏನೂ ಆಗಿರಲಿಲ್ಲ. ಮೆಟ್ಟಿಲು ಹತ್ತುತ್ತಿತ್ತು. ಬಸ್ಸಿನ ಹಿಂದೆ ಓಡುತ್ತಿತ್ತು. ಲಾಂಡ್ರಿಯ ಯಂತ್ರವನ್ನು ಬೆಳಗಿನಿಂದ ಸಂಜೆಯವರೆಗೆ ತಕರಾರಿಲ್ಲದೆ ತುಳಿಯುತ್ತಿತ್ತು.

ಗಂಡನೇ ರಜೆ ಹಾಕಿ ನರರೋಗದ ವೈದ್ಯರ ಹತ್ತಿರ ಕರೆದುಕೊಂಡು ಹೋದ. ರೈಲಮ್ಮ ಚೀಲದಲ್ಲಿ ಪೆಡಲನ್ನೂ ಹೊತ್ತೊಯ್ದಿದ್ದಳು. ವೈದ್ಯೆ ನಡುವಯಸ್ಸಿನವರು, ಅವಸರವಿಲ್ಲದವರು. ನಡೆಸಿ ನೋಡಿದರು, ತುದಿಗಾಲಲ್ಲಿ ನಿಲ್ಲಿಸಿದರು, ಬೆರಳುಗಳನ್ನು ಬಿಡಿಸಿ ಮಡಚಿದರು. ಆಮೇಲೆ, "ಅದನ್ನ ಇಲ್ಲೇ ಇಟ್ಟು ತುಳೀರಿ ನೋಡೋಣ," ಎಂದರು. ಪಾದ ಪೆಡಲ್ ಮುಟ್ಟಿದ್ದೇ ಮುದುರಿಕೊಂಡಿತು. ಅವರು ಬಗ್ಗಿ ಬಹಳ ಹೊತ್ತು ನೋಡಿದರು.

"ಕಾಲು ಚೆನ್ನಾಗಿದೆಯಮ್ಮ. ತೊಂದ್ರೆ ಇರೋದು ಕಾಲಿಗೆ ಅಪ್ಪಣೆ ಕೊಡೋ ಜಾಗದಲ್ಲಿ. ಒಂದೇ ಚಲನೆನ ಅತಿಯಾಗಿ ಮಾಡಿದಾಗ, ಕೆಲವ್ರಿಗೆ ಮಿದುಳಲ್ಲಿ ಯಾವ ಬೆರಳು ಯಾವ್ದು ಅನ್ನೋ ಗುರುತು ಕಲಸಿಹೋಗುತ್ತೆ. ಒಂದು ಬೆರಳಿಗೆ ಹೇಳಿದ್ದು ಎಲ್ಲಾ ಬೆರಳಿಗೂ ಹೋಗುತ್ತೆ. ಡಿಸ್ಟೋನಿಯ ಅಂತಾರೆ. ವಾದ್ಯ ನುಡಿಸೋರಲ್ಲಿ ಕೈಗೆ ಬರೋದೇ ಹೆಚ್ಚು. ನಿಮಗೆ ಕಾಲಿಗೆ ಬಂದಿದೆ."

"ಇನ್ನೂ ಸರಿಯಾಗಿ ಅಭ್ಯಾಸ ಮಾಡಿದ್ರೆ ಹೋಗುತ್ತಾ ಡಾಕ್ಟ್ರೇ?"

ವೈದ್ಯೆ ಪೆಡಲನ್ನು ಪಕ್ಕಕ್ಕೆ ಸರಿಸಿದರು. "ಅಭ್ಯಾಸವೇ ಇಲ್ಲೀತನಕ ತಂದಿರೋದು," ಎಂದರು ಮೆಲ್ಲಗೆ. ಇಂಜೆಕ್ಷನ್ ಇದೆ, ಕಾಲಿಗೆ ಮೊದಲಿನಿಂದ ಕಲಿಸುವ ವ್ಯಾಯಾಮಗಳಿವೆ, ಕೆಲವರಿಗೆ ಒಂದಿಷ್ಟು ಗುಣ ಕಾಣುತ್ತದೆ, ಆದರೆ ಆ ವೇಗ ಮರಳಿ ಬರುವ ಭರವಸೆ ಕೊಡಲಾರೆ ಎಂದರು.

ಬಸ್ಸಿನಲ್ಲಿ ಗಂಡ ಏನಾದರೂ ತಮಾಷೆ ಮಾಡಬೇಕೆಂದು ಹುಡುಕಿದ. ಸಿಗಲಿಲ್ಲ. ಪೆಡಲ್ ಇದ್ದ ಚೀಲವನ್ನು ಅವಳ ಮಡಿಲಿನಿಂದ ತೆಗೆದು ತನ್ನ ಮಡಿಲಲ್ಲಿಟ್ಟುಕೊಂಡ.

ಸಭಾಂಗಣದ ದಿನ ಹತ್ತಿರ ಬಂದಿತ್ತು. ಬೇರೆಯವರನ್ನು ಹುಡುಕಿಕೋ ಎಂದು ಅವಳು ಅಣ್ಣನಿಗೆ ಹೇಳಿದಳು. ಅಣ್ಣ ಒಪ್ಪಲಿಲ್ಲ. ಎಲೆಕ್ಟ್ರಿಷಿಯನ್ ಜೊತೆ ಕೂತು ಒಂದು ಉಪಾಯ ಮಾಡಿಕೊಂಡು ಬಂದ.

"ಅವತ್ತು ರೆಕಾರ್ಡ್ ಮಾಡಿದ್ವಲ್ಲ, ಅದರಲ್ಲಿ ನಿನ್ ಕಾಲಿನ ಸದ್ದು ಬೇರೆಯಾಗೇ ಇದೆ. ಅದನ್ನೇ ಕತ್ತರಿಸಿ, ಜೋಡಿಸಿ, ಕಂಪ್ಯೂಟರಿಂದ ಬಿಡ್ತೀವಿ. ನೀನು ಕೈ ಆಡ್ಸು. ಕಾಲು ಸುಮ್ನೆ ಅಲ್ಲಾಡ್ಸಿದ್ರೆ ಸಾಕು."

"ಅದು ಸುಳ್ಳಲ್ವಾ ಅಣ್ಣ?"

"ಯಾರ ಕಾಲದು? ನಿಂದೇ ತಾನೇ? ನಿನ್ ಕಾಲನ್ನ ನೀನೇ ಬಳಸ್ಕೊಂಡ್ರೆ ಸುಳ್ಳು ಹೇಗಾಗುತ್ತೆ?"

ಅವನ ಮುಖದಲ್ಲಿದ್ದ ಆಸೆಯನ್ನು ನೋಡಿ ಅವಳು ಸುಮ್ಮನಾದಳು. ಸುಮ್ಮನಿದ್ದದ್ದೇ ಒಪ್ಪಿಗೆಯಾಯಿತು.

ಆ ಸಂಜೆ ಸಭಾಂಗಣ ತುಂಬಿತ್ತು. ಹೊಸ ಹಾಡು ಬಂದಾಗ ಅವಳ ಬೆನ್ನ ಹಿಂದಿನ ಸ್ಪೀಕರುಗಳಿಂದ ಅವಳದೇ ಎರಡು ಕಾಲುಗಳು ಓಡತೊಡಗಿದವು. ಒಂದಿಷ್ಟೂ ತಪ್ಪಿಲ್ಲ, ದಣಿವಿಲ್ಲ. ಎದೆ ನಡುಗುವಷ್ಟು ಚೆಂದ. ಬಲಗಾಲು ಅದರ ಜೊತೆ ಗಾಳಿಯಲ್ಲಿ ಆಡಿತು. ಎಡಗಾಲು ಸ್ಟೂಲಿನ ಕೆಳಗೆ ಶೂ ಒಳಗೆ ಮುಷ್ಟಿ ಕಟ್ಟಿಕೊಂಡಿತ್ತು. ಅವಳು ಕೈಗಳನ್ನು ಆಡಿಸುತ್ತಾ ಆ ಸದ್ದನ್ನು ಬೇರೆ ಯಾರದ್ದೋ ಎಂಬಂತೆ ಕೇಳಿದಳು. ಸತ್ತವರ ದನಿಯನ್ನು ಫೋನಿನಲ್ಲಿ ಕೇಳಿದ ಹಾಗಿತ್ತು ಎಂದು ಆಮೇಲೆ ಗಂಡನ ಹತ್ತಿರ ಹೇಳಿಕೊಂಡಳು.

ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು. ವೇದಿಕೆ ಇಳಿಯುವಾಗ ಡ್ರಮ್ಸ್ ಕಲಿಯುತ್ತಿದ್ದ ಒಬ್ಬಾಕೆ ಬಂದು ಅವಳ ಎರಡೂ ಕೈ ಹಿಡಿದುಕೊಂಡಳು. "ನಿಮ್ಮ ಎಡಗಾಲು ಅದೆಷ್ಟು ಸ್ಪಷ್ಟವಾಗಿದೆ ಮೇಡಂ. ನಂದು ಬರೋದೇ ಇಲ್ಲ. ಏನ್ ಅಭ್ಯಾಸ ಮಾಡ್ತೀರಾ?"

"ಸ್ವಲ್ಪ ಸ್ವಲ್ಪ ಮಾಡಿ," ಎಂದಷ್ಟೇ ಹೇಳಿ, ರೈಲಮ್ಮ ಕೈ ಬಿಡಿಸಿಕೊಂಡು ಶೌಚಾಲಯಕ್ಕೆ ಹೋಗಿ ಚಿಲಕ ಹಾಕಿಕೊಂಡಳು.

ಮರುದಿನ ಟೈರ್ ಅಂಗಡಿಗೆ ಹೋಗಿ, ಇನ್ನು ಬರುವುದಿಲ್ಲ ಎಂದಳು. ಅಣ್ಣ ಪಂಕ್ಚರ್ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದುತ್ತಿದ್ದ. ತಲೆ ಎತ್ತಲಿಲ್ಲ.

"ಎಲ್ಲಾ ಸರಿಹೋಗ್ತಿರುವಾಗ ಕಲ್ಲು ಹಾಕ್ತಿದೀಯ."

"ಅಲ್ಲಿ ಕೂತಿದ್ದು ನಾನಲ್ಲ ಅಣ್ಣ."

"ನಿಂಗೆ ಎಲ್ಲದ್ರಲ್ಲೂ ಕೊಂಕು. ಕೂದಲೆಳೆಯಷ್ಟು ತಡ ಆದ್ರೆ ಏನಾಗ್ತಿತ್ತು? ಅವತ್ತೇ ಬಿಟ್ಟಿದ್ರೆ ಇವತ್ತು ಕಾಲಾದ್ರೂ ಇರ್ತಿತ್ತು."

ಅಂದ ಮೇಲೆ ಅವನಿಗೂ ಅನ್ನಬಾರದಿತ್ತು ಎನ್ನಿಸಿರಬೇಕು. ಟ್ಯೂಬಿನಿಂದ ಗುಳ್ಳೆಗಳು ಏಳುತ್ತಿದ್ದರೂ ತೂತು ಗುರುತಿಸದೆ ಕೂತಿದ್ದ. ಅವಳು ಹೊರಟುಬಂದಳು. ಅವನು ಹೇಳಿದ್ದು ಸುಳ್ಳಾಗಿದ್ದರೆ ಜಗಳವಾಡಬಹುದಿತ್ತು.

ಇಂಜೆಕ್ಷನ್ನಿನಿಂದ ಬೆರಳುಗಳು ಸಡಿಲವಾದವು, ಜೊತೆಗೆ ಕಾಲೂ ನಿತ್ರಾಣವಾಯಿತು. ಔಷಧಿಯ ಶಕ್ತಿ ಇಳಿದ ಮೇಲೆ ಹಳೆಯದೇ ಪಾಡು. ವ್ಯಾಯಾಮ ಕಲಿಸುವವಳು ಪೆಡಲಿನ ಸಹವಾಸವೇ ಬೇಡ ಎಂದಳು. ಕುರ್ಚಿಯ ಮೇಲೆ ಕೂತು ಬರಿಗಾಲಿನಿಂದ ನೆಲವನ್ನು ಮೆಲ್ಲಗೆ ಮುಟ್ಟಬೇಕು, ಮುದುರುವ ಸೂಚನೆ ಕಂಡರೆ ನಿಲ್ಲಿಸಬೇಕು. ಹಟ ಮಾಡುವಂತಿಲ್ಲ. ಹಟವನ್ನೇ ನಂಬಿ ಬದುಕಿದವಳಿಗೆ ಅದು ದೊಡ್ಡ ಶಿಕ್ಷೆಯಾಯಿತು. ಬಹಳ ತಿಂಗಳ ಮೇಲೆ ಎಡಪಾದ ನೆಲವನ್ನು ಗಡಿಯಾರದಷ್ಟು ನಿಧಾನಕ್ಕೆ ತಟ್ಟುವಂತಾಯಿತು. ಪೆಡಲನ್ನು ಹತ್ತಿರ ತಂದರೆ ಮತ್ತೆ ಮುದುರಿತು. ಅವಳು ಕೈಚೆಲ್ಲಿದಳು.

ಬಲಗಾಲೊಂದರಿಂದ ನಿಧಾನದ ಹಾಡು ನುಡಿಸಬಾರದೇಕೆ ಎಂದು ಗಂಡ ಒಮ್ಮೆ ಕೇಳಿದ. ನುಡಿಸಬಹುದಿತ್ತು. ಒಂದೆರಡು ಸಲ ಕೂತೂ ನೋಡಿದಳು. ಕಿವಿ ಮಾತ್ರ ಪ್ರತಿ ಏಟಿನ ನಂತರ ಇನ್ನೊಂದಕ್ಕೆ ಕಾಯುತ್ತಿತ್ತು.

ಗೋದಾಮಿಗೆ ಬೇರೆ ಡ್ರಮ್ಮರ್ ಬಂದ. ಒಳ್ಳೆಯವನೇ ಅಂತೆ. ರೈಲಮ್ಮ ಹೋಗಿ ನೋಡಲಿಲ್ಲ. ಭಾನುವಾರಗಳು ದೊಡ್ಡವಾದವು. ಕಿಟಕಿ ಒರೆಸಿದಳು, ಕಪಾಟು ಜೋಡಿಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು.

ಒಂದು ಮಧ್ಯಾಹ್ನ ಅಣ್ಣ ಬಂದ. ಬರುವುದಾಗಿ ಹೇಳಿರಲಿಲ್ಲ. ಅವಳು ಚಹಾ ಮಾಡಿದಳು. ಅವನು ಟೈರಿನ ಹೊಸ ಕಂಪನಿಯ ವಿಷಯ ಹೇಳಿದ, ಮಂಡಿನೋವಿನ ವಿಷಯ ಹೇಳಿದ. ಅವಳು ಲಾಂಡ್ರಿಗೆ ಬಂದ ಹೊಸ ಯಂತ್ರದ ವಿಷಯ ಹೇಳಿದಳು. ತಂಡದ ಸುದ್ದಿ ಇಬ್ಬರೂ ಎತ್ತಲಿಲ್ಲ. ಚಿಕ್ಕಂದಿನಿಂದ ಒಬ್ಬರ ಮಾತನ್ನು ಇನ್ನೊಬ್ಬರು ಕತ್ತರಿಸಿಕೊಂಡೇ ಬೆಳೆದವರು, ಮೊದಲ ಸಲ ಮಾತನ್ನು ಹುಡುಕಿ ಆಡಿದರು.

"ಚಹಾಗೆ ಸಕ್ಕರೆ ಕಮ್ಮಿ ಆಯ್ತಾ?" ಎಂದು ಕೇಳಿದಳು.

"ಇಲ್ಲ, ಸರಿಯಾಗಿದೆ," ಎಂದ. ಲೋಟ ಕೆಳಗಿಟ್ಟು ಎದ್ದು, "ಬರ್ಲಾ?" ಎಂದ.

"ಹೂಂ ಅಣ್ಣ."

ಅವನು ಮೆಟ್ಟಿಲಿಳಿದು ಹೋಗುವ ಸದ್ದನ್ನು ಕೇಳುತ್ತಾ ಅವಳು ಲೋಟಗಳನ್ನು ತೊಳೆಯಲು ಒಳಗೆ ಹೋದಳು.