ಗಾರೆ ಸಿದ್ದಯ್ಯನವರು ಕಟ್ಟಿಕೊಂಡ ಜಾಗ

ನಮ್ಮ ಚಿಕ್ಕಮಾವ ಸಂಜೆ ಹೊತ್ತು ಬೀಡಿ ಸೇದುತ್ತಿದ್ದುದು ತಮ್ಮ ಸಮಾಧಿಯ ಮೇಲೆ ಕೂತುಕೊಂಡು. ಕಾಯಿಲೆ ಕಸಾಲೆ ಏನೂ ಇರಲಿಲ್ಲ, ಎರಡು ಮುದ್ದೆ ಉಂಡು ಮೂರನೆಯದಕ್ಕೆ ಕೈ ಚಾಚುವ ಆಸಾಮಿ. ಆದರೂ ಮಂಡ್ಯದ ಹಳೇ ರುದ್ರಭೂಮಿಯಲ್ಲಿ, ದೊಡ್ಡವರನ್ನೆಲ್ಲ ಮಣ್ಣು ಮಾಡಿದ ಸಾಲಿನ ಕೊನೆಗೆ ತಮಗೊಂದು ಗುಂಡಿ ತೋಡಿ, ಒಳಗೆ ಇಟ್ಟಿಗೆ ಕಟ್ಟಿ, ಮೇಲೆ ಚಪ್ಪಡಿ ಎಳೆದುಕೊಂಡಿದ್ದರು. ತಲೆಯ ಕಡೆ ಮೋಟುಗೋಡೆ. ಅದರ ಹಸಿ ಗಾರೆಗೆ, ಗಾರೆ ಬಳಿಯುವ ತಮ್ಮ ಕರಣೆಯನ್ನು ಒತ್ತಿ ಅಚ್ಚು ಮೂಡಿಸಿದ್ದರು. ಹೆಸರು ಬರೆಸಲಿಲ್ಲ. ಅವರಿಗೆ ಓದು ಬಾರದು. ನಂದೂ ಮೂರನೇ ಕ್ಲಾಸಿಗೆ ನಿಂತಿತು, ನಗುವ ಹಾಗಿಲ್ಲ.

ಹೆಸರು ಸಿದ್ದಯ್ಯ, ಊರಿಗೆಲ್ಲ ಗಾರೆ ಸಿದ್ದಯ್ಯ. ನಮ್ಮ ಯಜಮಾನರ ಚಿಕ್ಕಪ್ಪ. ಅವರಿಗೆ ಮಕ್ಕಳಿರಲಿಲ್ಲ. ನಾನು ಮದುವೆಯಾಗಿ ಆ ಮನೆಗೆ ಬಂದಾಗ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆಯ ಕೊಳವೆ ಹೊಗೆ ಬಿಡುತ್ತಿತ್ತು, ನಾಲೆಯಲ್ಲಿ ನೀರು ಹರಿಯುತ್ತಿತ್ತು. ನೀರಿನ ಹಿಂದೆ ಭತ್ತ ಬಂತು, ಕಬ್ಬು ಬಂತು, ಸೊಳ್ಳೆಯೂ ಬಂತು. ಚಳಿಜ್ವರದಲ್ಲಿ ಜನ ಹುಳುಗಳ ಹಾಗೆ ಹೋದರು. ಮಾವನಿಗೆ ಕೆಲಸಕ್ಕೆ ಬರವಿರಲಿಲ್ಲ.

ಆ ಸಾಲಿನಲ್ಲಿರುವ ದೊಡ್ಡವರಿಗೆಲ್ಲ ಸಮಾಧಿ ಕಟ್ಟಿದವರು ಅವರೇ. ಶಾಲೆಗೆ ಜಮೀನು ಬಿಟ್ಟುಕೊಟ್ಟ ಯಜಮಾನರೊಬ್ಬರು, ನಾಟಕದಲ್ಲಿ ರಾಜಪಾರ್ಟು ಮಾಡುತ್ತಿದ್ದವರೊಬ್ಬರು, ಜ್ವರದವರಿಗೆ ಮದ್ದು ಕೊಡುತ್ತ ತಾವೂ ಜ್ವರ ಬಂದು ಹೋದ ಡಾಕ್ಟರು. ಅವರನ್ನೆಲ್ಲ ಮಾವ ನೆಂಟರ ವಿಷಯದಂತೆ ಮಾತಾಡುತ್ತಿದ್ದರು.

"ಸ್ಕೂಲ್ ಯಜಮಾನ್ರ ತಲೆ ಕಡೆ ಎಷ್ಟ್ ಗಾರೆ ಆಕುದ್ರೂ ಕುಡ್ಕಂಬುಡ್ತು ಕಣವ್ವ. ಬದ್ಕಿದ್ದಾಗ್ಲೂ ಅಂಗೇಯ, ಎಷ್ಟ್ ಕೊಟ್ರೂ ಸಾಲ್ತಿರ್ಲಿಲ್ಲ" ಎನ್ನುತ್ತಿದ್ದರು.

ಸುಣ್ಣ, ಮರಳು ಹಾಕಿ, ಬೆಲ್ಲದ ನೀರು ಬಿಟ್ಟು, ಎತ್ತು ಕಟ್ಟಿದ ಗಾಣದಲ್ಲಿ ಗಾರೆ ಅರೆಯಬೇಕು. ಅದು ಬೆಣ್ಣೆಯಾಗುವ ತನಕ ಕರಣೆ ಮುಟ್ಟುತ್ತಿರಲಿಲ್ಲ. ರಾಜಪಾರ್ಟಿನವರ ಮಗ ಬಂದು ತಿಥಿಯೊಳಗೆ ಮುಗಿಯಬೇಕು ಎಂದು ಎಗರಾಡಿದ. ಮಾವ ಬೀಡಿ ತೆಗೆಯದೆಯೇ ಕೇಳಿದರು: "ಯಾಕಪ್ಪ, ನಿಮ್ಮಪ್ಪಾರು ಬಸ್ಸಿಗೆ ಓಗ್ಬೇಕಾ?" ಆತ ಮತ್ತೆ ಆ ಕಡೆ ಸುಳಿಯಲಿಲ್ಲ.

ಇಷ್ಟು ಜನಕ್ಕೆ ಕಟ್ಟಿದ ಮೇಲೆ ಅವರಿಗೂ ಒಂದು ಆಸೆ ಹತ್ತಿತು, ಆ ಸಾಲಿನಲ್ಲೇ ಮಲಗಬೇಕು ಅಂತ. ಬೇರೆ ಯಾವುದಕ್ಕೂ ಆಸೆ ಪಟ್ಟವರಲ್ಲ. ಮನೆಯ ಹಿತ್ತಿಲ ಗೋಡೆ ಬಿದ್ದು ಎರಡು ಮಳೆಗಾಲ ಕಳೆದರೂ ಕಟ್ಟಲಿಲ್ಲ. ತಮ್ಮ ಗುಂಡಿಗೆ ಮಾತ್ರ ಆರಿಸಿ ಆರಿಸಿ ಇಟ್ಟಿಗೆ ತಂದರು. ರುದ್ರಭೂಮಿಯ ಯಜಮಾನಿಕೆ ನೋಡುತ್ತಿದ್ದವರೂ ಇವರ ಕೈಕೆಲಸದ ಹಂಗಿಗೆ ಬೇಡ ಎನ್ನಲಿಲ್ಲ.

ಅದನ್ನು ಬೇಡ ಅಂದವರು ಅವರ ಹೆಂಡತಿ, ನಮ್ಮ ಪುಟ್ಟಮ್ಮತ್ತೆ. ಬಸರಾಳು ಕಡೆಯ ಹೆಣ್ಣು. ನಮ್ಮ ಕಡೆ ತೋಡಿದ ಗುಂಡಿಯನ್ನು ಬರಿದಾಗಿ ಬಿಡುವುದಿಲ್ಲ. ಬಿಟ್ಟರೆ ಅದು ಯಾರನ್ನಾದರೂ ಕೇಳುತ್ತದೆ ಎನ್ನುವ ನಂಬಿಕೆ. ಹಾಗೇನಾದರೂ ಉಳಿದರೆ ಒಂದು ಕೋಳಿಯನ್ನಾದರೂ ಹಾಕಿ ಮುಚ್ಚುತ್ತಾರೆ.

"ಚಪ್ಪಡಿ ಕೆಳ್ಗೆ ಬರೀ ಗುಂಡಿ ಬಾಯ್ ಬುಟ್ಕಂಡ್ ಕೂತದೆ. ಒಂದ್ ಕೋಳಿ ಕುಯ್ದಾಕು ಅಂದ್ರೆ ನಿಂಗೇನ್ ರೋಗ ಕಣಯ್ಯಾ?" ಎಂದು ಅತ್ತೆ ದಿನಾ ಜಗಳ ತೆಗೆಯುತ್ತಿದ್ದರು.

"ಕೋಳಿ ಇದ್ರೆ ಸಾರ್ ಮಾಡಮ್ಮಿ, ತಿಂತೀನಿ. ಗುಂಡೀಗ್ಯಾಕೆ?"

"ನೋಡ್ತಿರು, ನಿನ್ ಗುಂಡಿ ನನ್ನೇ ಕರೀತದೆ. ಆದ್ರೆ ಅಲ್ಲಿಗೆ ಮಾತ್ರ ನನ್ನ ಆಕ್ಬೇಡ. ನಮ್ಮಪ್ಪನ ಒಲದ ಬದೀಲಿ, ನಮ್ಮವ್ವನ ಪಕ್ಕದಾಗೆ ಆಕು. ಆ ದೊಡ್ ಮನುಸ್ರ ಮಧ್ಯ ನನಗುಸ್ರು ಕಟ್ತದೆ."

"ಸತ್ತೋರಿಗ್ಯಾವ ಉಸ್ರಮ್ಮಿ?" ಎಂದು ಮಾವ ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ಅವರ ಜಗಳ ಕೇಳಲು ಚೆನ್ನಾಗಿರುತ್ತಿತ್ತು.

ಯುದ್ಧದ ಕಾಲ. ಅಕ್ಕಿ ರೇಷನ್ನು, ಸೀಮೆಎಣ್ಣೆ ರೇಷನ್ನು, ಜ್ವರದ ಮದ್ದಂತೂ ಕಣ್ಣಿಗೇ ಬೀಳುತ್ತಿರಲಿಲ್ಲ. ಅತ್ತೆಗೆ ಚಳಿಜ್ವರ ಹಿಡಿಯಿತು. ಮನೆಯ ಕಂಬಳಿ ಎಲ್ಲ ಹೊದಿಸಿದರೂ ಹಲ್ಲು ಕಟಕಟ ಎನ್ನುತ್ತಿದ್ದವು. ಮಾವ ಕೆಲಸ ಬಿಟ್ಟು ತಲೆದೆಸೆಯಲ್ಲಿ ಕೂತರು. ಅತ್ತೆ ಒಂದು ಬೆಳಿಗ್ಗೆ ಗಂಜಿ ಬೇಡ ಎಂದರು, ಮಧ್ಯಾಹ್ನಕ್ಕೆ ಹೋದರು.

ಅತ್ತೆಯ ತಮ್ಮ ಬಸರಾಳು ಕಡೆಯಿಂದ ಗಾಡಿ ಹೂಡಿಕೊಂಡು ಬಂದ. ಹೊಲದ ಬದಿಯಲ್ಲಿ ಗುಂಡಿ ತೋಡಲು ಆಳು ಬಿಟ್ಟು ಬಂದಿದ್ದ. ಹೆಣವನ್ನು ಗಾಡಿಗೆ ಏರಿಸಬೇಕು, ಅಷ್ಟು ಹೊತ್ತಿಗೆ ಮಾವ ಬಂದು ಎತ್ತಿನ ಮೂಗುದಾರ ಹಿಡಿದು ನಿಂತರು.

"ಎಲ್ಲಿಗೂ ಓಗ್ಬೇಡಿ. ಜಾಗ ಇಲ್ಲೇ ಕಟ್ಟಿ ಮಡಗಿವ್ನಿ."

"ಭಾವ, ಅಕ್ಕನ ಆಸೆ ನಿನಗ್ಗೊತ್ತಿಲ್ವಾ?" ಎಂದ ಅತ್ತೆಯ ತಮ್ಮ.

"ಗೊತ್ತದೆ ಕಣ್ಲಾ."

ನಾನು ಸುಮ್ಮನಿರಲಿಲ್ಲ. ಗಂಡಸರ ಮಧ್ಯೆ ಸೊಸೆ ಮಾತಾಡುವುದು ಆಗ ಇರಲಿಲ್ಲ, ಆದರೂ ಅಂದೆ: "ಮಾವ, ಅತ್ತೆ ಬ್ಯಾಡ ಅಂದಿದ್ರು."

ಮಾವ ನನ್ನ ಕಡೆ ನೋಡಲಿಲ್ಲ. ಎತ್ತಿಗೆ ಹೇಳಿದ ಹಾಗೆ ಹೇಳಿದರು: "ನನ್ ಪಕ್ಕದಲ್ಲಿ ಬಾಳಿ ಇವ್ಳು ಏನ್ ಕಂಡ್ಳು? ಬಿದ್ದೋದ ಗೋಡೆ ಕಂಡ್ಳು. ಒಲದ್ ಬದೀಲಾಕುದ್ರೆ ಯಾರ್ ನೋಡ್ತಾರವ್ವ ಇವ್ಳ್ನ? ನನ್ತಾವ ಇರೋದ್ ಅದೊಂದೇ ಒಳ್ಳೇ ವಸ್ತು. ಇನ್ನೇನ್ ಕೊಡ್ಲಿ?"

ಅತ್ತೆಯ ತಮ್ಮ ಎತ್ತು ತಿರುಗಿಸಿದ. ಗಾಡಿ ಬರಿದಾಗಿ ಹೋಯಿತು. ಅತ್ತೆಯನ್ನು ಆ ದೊಡ್ಡವರ ಸಾಲಿನಲ್ಲಿ ಇಳಿಸಿ ಚಪ್ಪಡಿ ಎಳೆದರು. ಹೆಂಗಸರು ಹಿಂದೆ ನಿಂತು, "ಗುಂಡಿ ಕೇಳ್ತು, ತಕ್ಕಂತು" ಎಂದು ಪಿಸುಗುಟ್ಟಿದ್ದು ಮಾವನ ಕಿವಿಗೂ ಬಿತ್ತು. ನಾನು ಅದನ್ನು ನಂಬುವವಳಲ್ಲ. ಗುಂಡಿ ಯಾರನ್ನೂ ಕರೆಯುವುದಿಲ್ಲ. ಕಚ್ಚಿದ್ದು ಸೊಳ್ಳೆ, ಸಿಗದೆ ಹೋದದ್ದು ಮದ್ದು. ಆದರೆ ಮಾವ ನಂಬಿದರು. ಮೂರನೆಯ ದಿನ ಹಾಲು ತುಪ್ಪ ಬಿಡಲು ಹೋದಾಗ ಎಲ್ಲರೂ ದೂರ ನಿಂತು ಕಾಗೆಗೆ ಕಾದೆವು. ಮಾವ ಮಾತ್ರ ಸಮಾಧಿಯ ಪಕ್ಕ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತೇ ಇದ್ದರು. ಅವರಿದ್ದ ಕಾರಣಕ್ಕೆ ಕಾಗೆಯೂ ಹತ್ತಿರ ಬರಲಿಲ್ಲ. ಎದ್ದು ಬನ್ನಿ ಎಂದರೆ, "ಕೋಳಿ ಕೇಳಿದ್ಲು ಕಣವ್ವ, ಒಂದ್ ಕೋಳಿ" ಎಂದರು. ಆಮೇಲೆ ಆ ಚಪ್ಪಡಿಯ ಮೇಲೆ ಅವರು ಕೂತದ್ದನ್ನು ನಾನು ಕಾಣೆ.

ಮಾಡಿದ್ದು ಸರಿ ಎಂದು ನಾನು ಈಗಲೂ ಹೇಳುವುದಿಲ್ಲ. ಬೇಡ ಎಂದವಳಿಗೆ ಕೊಡುವುದು ಎಂಥ ಕೊಡುವುದು? ಅತ್ತೆ ಬದುಕಿದ್ದರೆ ಪೊರಕೆ ತೆಗೆದುಕೊಳ್ಳುತ್ತಿದ್ದರು.

ಈಗ ಆ ಸಾಲನ್ನು ಊರವರು ತೊಳೆದು ಬಳಿದು ಇಟ್ಟಿದ್ದಾರೆ. ಮೇಷ್ಟರುಗಳು ಮಕ್ಕಳನ್ನು ಕರೆದೊಯ್ದು, ಇವರು ಶಾಲೆ ಕೊಟ್ಟವರು, ಇವರು ಡಾಕ್ಟರು ಎಂದು ತೋರಿಸುತ್ತಾರೆ. ಕೊನೆಯ ಸಮಾಧಿಗೆ ಹೆಸರಿಲ್ಲ. ಮೋಟುಗೋಡೆಯ ಮೇಲಿನ ಕರಣೆಯ ಅಚ್ಚು ಸವೆದು ದೀಪದ ಕುಡಿಯಂತೆ ಕಾಣುತ್ತದೆ. ಯಾರೋ ತಪಸ್ಸು ಮಾಡಿದ ತಾಯಿ ಎಂದು ಹೆಂಗಸರು ಅರಿಶಿನ ಕುಂಕುಮ ಮೆತ್ತಿ, ಮಕ್ಕಳ ಫಲ ಬೇಡುತ್ತಾರೆ. ಮಕ್ಕಳಿಲ್ಲದೆ ಹೋದ ಅತ್ತೆಯ ಹತ್ತಿರ. ಒಂದು ಸಲ ನಾನು ಹೇಳಿದೆ, "ಅದು ನಮ್ಮ ಪುಟ್ಟಮ್ಮತ್ತೆ ಕಣ್ರಮ್ಮ, ಗಾರೆಯವರ ಹೆಂಡ್ತಿ." ಮುದುಕಿಗೆ ಅರಳುಮರಳು ಎಂಬಂತೆ ನೋಡಿದರು.

ಮಾವನನ್ನು ಕೊನೆಗೆ ನೋಡಿದ್ದು ಸ್ವಾತಂತ್ರ್ಯ ಬಂದು ಬಾವುಟ ಹಾರಿಸಿದ ವರ್ಷ. ಅಷ್ಟು ಹೊತ್ತಿಗೆ ಅವರು ಮಂಡ್ಯ ಬಿಟ್ಟು ಅತ್ತೆಯ ತಮ್ಮನ ಮನೆಗೆ ಹೋಗಿ ಸೇರಿಕೊಂಡಿದ್ದರು. ಯಾರ ಎತ್ತಿನ ಮೂಗುದಾರ ಹಿಡಿದು ತಡೆದಿದ್ದರೋ ಆತನ ಮನೆಗೇ. ಆತ ಬೇಡ ಎನ್ನಲಿಲ್ಲ, ಮಾತೂ ಆಡುತ್ತಿರಲಿಲ್ಲ, ಮುದ್ದೆ ಮಾತ್ರ ಇಡುತ್ತಿದ್ದ. ನಾನೂ ನಮ್ಮ ಯಜಮಾನರೂ ನೋಡಲು ಹೋದೆವು. ಮಾವ ಚಳಿಜ್ವರದಲ್ಲಿ ಕಡ್ಡಿಯಾಗಿ ಜಗುಲಿಯಲ್ಲಿ ಮಲಗಿದ್ದರು.

"ಬನ್ನಿ ಚಿಕ್ಕಪ್ಪ, ಮಂಡ್ಯಕ್ಕೆ ಓಗಮ. ಏನಾರ ಆದ್ರೂ ಆ ಸಾಲ್ನಲ್ಲೇ, ಚಿಕ್ಕಮ್ಮನ ಪಕ್ಕ ಜಾಗ ಕೇಳ್ತೀನಿ" ಎಂದರು ಯಜಮಾನರು.

ಮಾವ ತಲೆ ಅಲ್ಲಾಡಿಸಿ ಹೊಲದ ಕಡೆ ಕೈ ತೋರಿಸಿದರು. "ಅಲ್ಲಿ ಅವ್ಳವ್ವನ ಪಕ್ಕ ಅವ್ಳಿಗೆ ಅಂತ ತೋಡಿದ್ದ ಜಾಗ. ನಾನ್ ಗಾಡಿ ತಡ್ದೆ, ಕೋಳೀನೂ ಆಕ್ದೆ ಬರೀ ಮಣ್ ಎಳೆದ್ರು. ಬರೀ ಗುಂಡಿ ಇರ್ಬಾರ್ದು ಅಂತ ಅವ್ಳು ಯೋಳ್ತಿದ್ಲು ಕಣವ್ವ. ನಾನ್ ಓಯ್ತೀನಿ ಅಲ್ಲಿಗೆ."

ಒಂದು ವಾರಕ್ಕೆ ಸುದ್ದಿ ಬಂತು. ನಾವು ಹೋಗುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು. ಗಾರೆಯಿಲ್ಲ, ಇಟ್ಟಿಗೆಯಿಲ್ಲ, ಬರೀ ಮಣ್ಣಿನ ಗುಡ್ಡೆ. ಮಳೆಗೆ ಅದೂ ಕೂತುಹೋಯಿತು. ಆಮೇಲೆ ಒಂದು ಸಲ ಹೋದಾಗ ಅದರ ಮೇಲೆ ರಾಗಿ ಬೆಳೆದಿತ್ತು.